ಸುಣ್ಣದ ಪುಡಿಯಲ್ಲಿ ಮೂಡಿದ ಪಟ್ಟಿಗಳು: ಕ್ರೊಮ್ಯಾಟೋಗ್ರಫಿಯ ಮೊದಲ ಅರ್ಧ ಶತಮಾನ

ಪದಾರ್ಥವೊಂದರ ಗುಣವನ್ನು ತಿಳಿಯಬೇಕಾದರೆ ಮೊದಲು ಅದನ್ನು ಅದರ ಜೊತೆಗಿರುವ ಇತರ ಪದಾರ್ಥಗಳಿಂದ ಬೇರ್ಪಡಿಸಬೇಕು ಎಂಬುದು ರಸಾಯನವಿಜ್ಞಾನದಷ್ಟೇ ಹಳೆಯದಾದ ನಿಯಮ. ಪ್ರಕೃತಿಯಲ್ಲಿ ಶುದ್ಧ ವಸ್ತು ದೊರೆಯುವುದು ಅಪರೂಪ. ಮಣ್ಣು, ಅದಿರು, ಕಲ್ಲೆಣ್ಣೆ, ಹಾಲು, ರಕ್ತ, ಎಲೆಯ ರಸ ಎಲ್ಲವೂ ಮಿಶ್ರಣಗಳೇ. ಮಿಶ್ರಣದಲ್ಲಿ ಘಟಕಗಳು ರಾಸಾಯನಿಕವಾಗಿ ಕೂಡಿಕೊಳ್ಳದೆ, ತಮ್ಮ ತಮ್ಮ ಗುಣಗಳನ್ನು ಉಳಿಸಿಕೊಂಡೇ ಒಟ್ಟಿಗಿರುತ್ತವೆ. ಆದ್ದರಿಂದ ಅವುಗಳನ್ನು ಬಿಡಿಸಲು ರಾಸಾಯನಿಕ ಕ್ರಿಯೆಯೇ ಬೇಕೆಂದಿಲ್ಲ, ಕುದಿಬಿಂದು, ಕರಗುವಿಕೆ, ಸಾಂದ್ರತೆ, ಕಣಗಳ ಗಾತ್ರ ಮೊದಲಾದ ಭೌತಿಕ ಗುಣಗಳಲ್ಲಿ ಅವು ಒಂದರಿಂದ ಒಂದು ಎಲ್ಲಿ ಭಿನ್ನವಾಗಿವೆ ಎಂಬುದನ್ನು ಕಂಡುಕೊಂಡು ಆ ವ್ಯತ್ಯಾಸವನ್ನು ಬಳಸಿಕೊಂಡರೆ ಸಾಕು. ಕಷ್ಟವಿರುವುದು ಆ ವ್ಯತ್ಯಾಸ ತೀರ ಸಣ್ಣದಾಗಿದ್ದಾಗ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಥ ಸಣ್ಣ ವ್ಯತ್ಯಾಸಗಳನ್ನು ಎದುರಿಸಲು ರಸಾಯನವಿಜ್ಞಾನಿಗಳಿಗಿದ್ದ ಮುಖ್ಯ ದಾರಿಗಳು ಎರಡು. ಒಂದು ಆಂಶಿಕ ಆಸವನ, ಅಂದರೆ ದ್ರವಮಿಶ್ರಣವನ್ನು ಕಾಯಿಸಿ, ಬೇರೆ ಬೇರೆ ಉಷ್ಣತೆಯಲ್ಲಿ ಆವಿಯಾಗುವ ಭಾಗಗಳನ್ನು ಬೇರೆ ಬೇರೆಯಾಗಿ ತಂಪುಮಾಡಿ ಸಂಗ್ರಹಿಸುವ ವಿಧಾನ. ಇನ್ನೊಂದು ಆಂಶಿಕ ಸ್ಫಟಿಕೀಕರಣ; ಇದರಲ್ಲಿ ಲವಣಗಳ ಮಿಶ್ರಣವನ್ನು ಕರಗಿಸಿ, ಮೊದಲು ಹರಳುಗಟ್ಟುವ ಭಾಗವನ್ನು ತೆಗೆದು, ಅದನ್ನು ಮತ್ತೆ ಕರಗಿಸಿ ಮತ್ತೆ ಹರಳುಗಟ್ಟಿಸುತ್ತ, ಪ್ರತಿ ಸಲವೂ ಬೇಕಾದ ಘಟಕದ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿಕೊಳ್ಳಲಾಗುತ್ತದೆ. ಟನ್ನುಗಟ್ಟಲೆ ಪಿಚ್‌ಬ್ಲೆಂಡ್ ಅದಿರಿನ ಶೇಷದಿಂದ ಮೇರಿ ಕ್ಯೂರಿ 1902ರಲ್ಲಿ ಸುಮಾರು 0.1 ಗ್ರಾಂ ರೇಡಿಯಂ ಕ್ಲೋರೈಡನ್ನು ಪಡೆದದ್ದು ಈ ಮಾರ್ಗದಿಂದಲೇ. ವಿರಳ ಭಸ್ಮ ಧಾತುಗಳು ಎಂದು ಕರೆಯುವ, ಗುಣದಲ್ಲಿ ಒಂದನ್ನೊಂದು ಬಹುವಾಗಿ ಹೋಲುವ ಲೋಹಗಳ ವಿಷಯದಲ್ಲಂತೂ ಈ ಕೆಲಸ ತಪಸ್ಸಿಗೆ ಸಮನಾಗಿತ್ತು; ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿದ್ದ ಚಾರ್ಲ್ಸ್ ಜೇಮ್ಸ್ 1911ರಲ್ಲಿ ಥುಲಿಯಂ ಲವಣವನ್ನು ಶುದ್ಧೀಕರಿಸಲು ಸುಮಾರು 15,000 ಸಲ ಸ್ಫಟಿಕೀಕರಣ ನಡೆಸಿದರು.

ಆದರೆ ಈ ಎರಡೂ ದಾರಿಗಳು ಜೀವಿಗಳಿಂದ ಬರುವ ಸೂಕ್ಷ್ಮ ವಸ್ತುಗಳ ಮುಂದೆ ಸೋಲುತ್ತಿದ್ದವು. ಎಲೆಯ ಹಸಿರು ಅದಕ್ಕೆ ಒಳ್ಳೆಯ ಉದಾಹರಣೆ. ಪತ್ರಹರಿತ್ತು, ಅಂದರೆ ಕ್ಲೋರೊಫಿಲ್, ಎಂಬ ಹೆಸರು ಆ ಶತಮಾನದ ಎರಡನೆಯ ದಶಕದಲ್ಲಿಯೇ ಫ್ರಾನ್ಸಿನ ಪೆಲ್ತಿಯೆ ಮತ್ತು ಕಾವಂತು ಅವರಿಂದ ಬಂದಿತ್ತು. 1864ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ ಬೆಳಕಿನ ಹೀರಿಕೆಯನ್ನು ಪರಿಶೀಲಿಸಿ, ಈ ಹಸಿರು ಒಂದೇ ವಸ್ತುವಲ್ಲ, ಎರಡು ಹಸಿರು ಮತ್ತು ಎರಡು ಹಳದಿ ವರ್ಣದ್ರವ್ಯಗಳ ಮಿಶ್ರಣ ಎಂದು ಹೇಳಿದ್ದರು. ಆದರೂ ಆ ಮಿಶ್ರಣವನ್ನು ಬಿಡಿಸಿ ತೋರಿಸುವ ದಾರಿ ಯಾರಿಗೂ ತಿಳಿದಿರಲಿಲ್ಲ. ಕಾಯಿಸಿದರೆ ಪತ್ರಹರಿತ್ತು ಕೆಡುತ್ತಿತ್ತು, ಆಮ್ಲ ಸೋಕಿದರೆ ಬಣ್ಣ ಬದಲಾಗುತ್ತಿತ್ತು, ಹರಳುಗಟ್ಟುವ ಮನಸ್ಸಂತೂ ಅದಕ್ಕಿರಲಿಲ್ಲ. ಆ ಕಾಲದ ಗ್ರಂಥಗಳಲ್ಲಿ ಪತ್ರಹರಿತ್ತಿನ ರೂಪಗಳೆಂದು ವರ್ಣಿತವಾದ ಅನೇಕ ವಸ್ತುಗಳು ನಿಜವಾಗಿ ಎಲೆಯೊಳಗೆ ಇದ್ದವುಗಳೇ ಅಲ್ಲ, ಪ್ರಯೋಗಾಲಯದ ಒರಟು ಉಪಚಾರದಲ್ಲಿ ಹುಟ್ಟಿದವು.

ಈ ಗೊಂದಲಕ್ಕೆ ದಾರಿ ತೋರಿದವರು ಮಿಖಾಯಿಲ್ ಸೆಮ್ಯೊನೊವಿಚ್ ಸ್ವೆತ್. ಅವರು ಹುಟ್ಟಿದ್ದು 1872ರ ಮೇ 14ರಂದು ಇಟಲಿಯ ಆಸ್ತಿ ಪಟ್ಟಣದಲ್ಲಿ. ತಂದೆ ರಷ್ಯನ್, ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡ ತಾಯಿ ಇಟಲಿಯವರು. ಬೆಳೆದದ್ದು ಮತ್ತು ಓದಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಜಿನೀವಾ ವಿಶ್ವವಿದ್ಯಾಲಯದಲ್ಲಿ 1896ರಲ್ಲಿ ಸಸ್ಯಕೋಶಗಳ ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದು ಅದೇ ವರ್ಷ ರಷ್ಯಕ್ಕೆ ಹೋದಾಗ, ವಿದೇಶದ ಪದವಿಗೆ ಅಲ್ಲಿ ಮನ್ನಣೆಯಿಲ್ಲವೆಂದು ತಿಳಿಯಿತು; ಹೀಗಾಗಿ ಮತ್ತೆ ಪ್ರಬಂಧ ಬರೆದು 1901ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ರಷ್ಯನ್ ಪದವಿಯನ್ನು ಗಳಿಸಬೇಕಾಯಿತು. ಅನಂತರ ಅವರಿಗೆ ಕೆಲಸ ಸಿಕ್ಕಿದ್ದು ಆಗ ರಷ್ಯನ್ ಸಾಮ್ರಾಜ್ಯದ ಆಳ್ವಿಕೆಯಲ್ಲಿದ್ದ ವಾರ್ಸಾ ನಗರದ ವಿಶ್ವವಿದ್ಯಾಲಯದಲ್ಲಿ, ಅದೂ ಕಿರಿಯ ಹುದ್ದೆಯಲ್ಲಿ. ಅವರ ತರಬೇತಿ ಸಸ್ಯವಿಜ್ಞಾನದ್ದು, ರಸಾಯನವಿಜ್ಞಾನದ್ದಲ್ಲ ಎಂಬ ಸಂಗತಿ ಮುಂದಿನ ಕಥೆಯಲ್ಲಿ ದೊಡ್ಡ ಪಾತ್ರ ವಹಿಸುತ್ತದೆ.

ಸ್ವೆತ್ ಅವರ ಚಿಂತನೆ ಆರಂಭವಾದದ್ದು ಒಂದು ಚಿಕ್ಕ ವಿರೋಧಾಭಾಸದಿಂದ. ಪೆಟ್ರೋಲಿಯಂ ಈಥರ್ ಎಂಬ ಹಗುರವಾದ ದ್ರಾವಕದಲ್ಲಿ ಎಲೆಗಳನ್ನು ಅರೆದರೆ ಹಳದಿಯ ಕ್ಯಾರೊಟೀನ್ ಸುಲಭವಾಗಿ ಇಳಿದು ಬರುತ್ತದೆ, ಹಸಿರು ಮಾತ್ರ ಎಲೆಯಲ್ಲೇ ಉಳಿಯುತ್ತದೆ. ಆದರೆ ಅದೇ ಹಸಿರನ್ನು ಆಲ್ಕೊಹಾಲಿನಿಂದ ಹೊರತೆಗೆದು, ಆಲ್ಕೊಹಾಲನ್ನು ಆವಿಮಾಡಿ, ಉಳಿದ ವಸ್ತುವನ್ನು ಪೆಟ್ರೋಲಿಯಂ ಈಥರಿಗೆ ಹಾಕಿದರೆ ಚೆನ್ನಾಗಿ ಕರಗುತ್ತದೆ. ಕರಗಬಲ್ಲ ವಸ್ತು ಎಲೆಯಲ್ಲಿರುವಾಗ ಮಾತ್ರ ಏಕೆ ಕರಗುವುದಿಲ್ಲ? ಎಲೆಯ ಒಳಗಿನ ಯಾವುದೋ ಘನಪದಾರ್ಥ ಅದನ್ನು ಅಣುಬಲದಿಂದ ಹಿಡಿದುಕೊಂಡಿರಬೇಕು ಎಂದು ಸ್ವೆತ್ ತರ್ಕಿಸಿದರು. ದ್ರಾವಣದಲ್ಲಿರುವ ಅಣುಗಳು ಘನವಸ್ತುವಿನ ಒಳಕ್ಕೆ ಇಂಗದೆ ಅದರ ಮೇಲ್ಮೈಗೆ ಅಂಟಿಕೊಳ್ಳುವ ಈ ವಿದ್ಯಮಾನಕ್ಕೆ ಅಧಿಶೋಷಣೆ ಎನ್ನುತ್ತಾರೆ. ತರ್ಕವನ್ನು ಪರೀಕ್ಷಿಸಲು ಅವರು ಸೋಸುಕಾಗದಕ್ಕೆ ಆ ವರ್ಣದ್ರವ್ಯಗಳನ್ನು ಹೀರಿಸಿ ನೋಡಿದಾಗ, ಕಾಗದವೂ ಎಲೆಯಂತೆಯೇ ನಡೆದುಕೊಂಡಿತು: ಪೆಟ್ರೋಲಿಯಂ ಈಥರ್ ಹಳದಿಯನ್ನು ತೆಗೆದುಕೊಂಡು ಹೋಯಿತು, ಹಸಿರನ್ನು ಬಿಡಿಸಲು ತುಸು ಆಲ್ಕೊಹಾಲ್ ಸೇರಿಸಬೇಕಾಯಿತು. ಜೀವಂತ ಎಲೆಯ ರಹಸ್ಯವೆಂದು ಕಾಣುತ್ತಿದ್ದುದು ಹೀಗೆ ಶುದ್ಧ ಭೌತಿಕ ವ್ಯಾಪಾರವಾಗಿ ಕಂಡಿತು.

ಘನವಸ್ತುಗಳ ಮೂಲಕ ದ್ರವಗಳನ್ನು ಹರಿಸಿದವರು ಅವರಿಗಿಂತ ಮೊದಲೂ ಇದ್ದರು. ಜರ್ಮನಿಯ ಫ್ರೀಡ್ಲೀಬ್ ರುಂಗೆ ಹೀರುಕಾಗದದ ಮೇಲೆ ರಾಸಾಯನಿಕಗಳು ಹರಡಿ ಮೂಡಿಸುವ ಬಣ್ಣದ ಆಕೃತಿಗಳನ್ನು 1850ರ ದಶಕದಲ್ಲಿ ಪುಸ್ತಕವಾಗಿ ತಂದಿದ್ದರು. ಅಮೆರಿಕದ ಡೇವಿಡ್ ಡೇ ಶತಮಾನದ ಕೊನೆಯಲ್ಲಿ ಕಚ್ಚಾ ಎಣ್ಣೆಯನ್ನು ಮುಲ್ತಾನಿ ಮಿಟ್ಟಿಯ ಜಾತಿಯ ಜೇಡಿಮಣ್ಣಿನ ಮೂಲಕ ಹಾಯಿಸಿ, ಹೊರಬರುವ ಎಣ್ಣೆಯ ಗುಣ ಬದಲಾಗುವುದನ್ನು ತೋರಿಸಿದ್ದರು. ಆದರೆ ಏಕೆ ಹೀಗಾಗುತ್ತದೆ ಎಂಬುದನ್ನು ಅರಿತು, ಆ ಅರಿವಿನಿಂದ ಮಿಶ್ರಣದ ಎಲ್ಲ ಘಟಕಗಳನ್ನೂ ಪೂರ್ತಿ ಬಿಡಿಸುವ ಕ್ರಮಬದ್ಧ ವಿಧಾನವೊಂದನ್ನು ರೂಪಿಸಿದವರು ಅವರಲ್ಲ. ಆ ಹಿರಿಮೆ ಸ್ವೆತ್ ಅವರದೇ, ಅದನ್ನು ಹಂಚಿಕೊಡಲು ಕಾರಣವಿಲ್ಲ.

1903ರ ಮಾರ್ಚ್ 21ರಂದು ವಾರ್ಸಾದ ನಿಸರ್ಗವಿಜ್ಞಾನಿಗಳ ಸಂಘದ ಜೀವವಿಜ್ಞಾನ ವಿಭಾಗದಲ್ಲಿ ಅವರು ಹೊಸ ಬಗೆಯ ಅಧಿಶೋಷಣೆಯ ಕುರಿತೂ ಜೀವರಾಸಾಯನಿಕ ವಿಶ್ಲೇಷಣೆಯಲ್ಲಿ ಅದರ ಬಳಕೆಯ ಕುರಿತೂ ಉಪನ್ಯಾಸ ನೀಡಿದರು. ನೂರಕ್ಕೂ ಹೆಚ್ಚು ಘನವಸ್ತುಗಳನ್ನು ಅವರು ಅಷ್ಟರಲ್ಲಿ ಪರೀಕ್ಷಿಸಿದ್ದರು. 1906ರಲ್ಲಿ ಜರ್ಮನ್ ಸಸ್ಯವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಎರಡು ಲೇಖನಗಳಲ್ಲಿ ವಿಧಾನದ ಪೂರ್ಣ ವಿವರಣೆ ಬಂತು. ಬಣ್ಣ ಮತ್ತು ಬರಹವನ್ನು ಸೂಚಿಸುವ ಗ್ರೀಕ್ ಮೂಲದ ಕ್ರೊಮ್ಯಾಟೋಗ್ರಫಿ ಎಂಬ ಹೆಸರು ಮೊದಲು ಕಾಣಿಸಿಕೊಂಡದ್ದೂ ಅಲ್ಲಿಯೇ.

ವಿಧಾನ ಸರಳವಾಗಿತ್ತು, ಆದರೆ ಪ್ರತಿ ಹೆಜ್ಜೆಯ ಹಿಂದೆಯೂ ಯೋಚನೆಯಿತ್ತು. ಇಕ್ಕಟ್ಟಾದ ಗಾಜಿನ ಕೊಳವೆಯಲ್ಲಿ ನುಣ್ಣಗೆ ಪುಡಿಮಾಡಿದ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಅಂದರೆ ಸೀಮೆಸುಣ್ಣದ ಜಾತಿಯ ಪುಡಿಯನ್ನು, ನಡುವೆ ಎಲ್ಲಿಯೂ ಬಿರುಕು ಉಳಿಯದಂತೆ ಒತ್ತಿ ತುಂಬಬೇಕು. ಮೇಲಿನಿಂದ ಎಲೆಯ ವರ್ಣದ್ರವ್ಯಗಳ ದ್ರಾವಣವನ್ನು ಹೊಯ್ಯಬೇಕು. ಅದು ಪುಡಿಯ ಮೇಲ್ತುದಿಯಲ್ಲಿ ಹಸಿರು ಉಂಗುರವಾಗಿ ನಿಂತ ಮೇಲೆ ಶುದ್ಧ ದ್ರಾವಕವನ್ನು ನಿಧಾನವಾಗಿ ಹರಿಸುತ್ತ ಹೋಗಬೇಕು. ದ್ರಾವಕ ಕೆಳಕ್ಕೆ ಎಳೆಯುತ್ತದೆ, ಪುಡಿ ಹಿಡಿದು ನಿಲ್ಲಿಸುತ್ತದೆ. ಈ ಎರಡು ಬಲಗಳ ನಡುವೆ ಸಿಕ್ಕ ಪ್ರತಿಯೊಂದು ವರ್ಣದ್ರವ್ಯವೂ ತನ್ನ ಅಂಟಿಕೆಯ ಬಲಕ್ಕೆ ತಕ್ಕ ವೇಗದಲ್ಲಿ ಚಲಿಸುತ್ತದೆ, ಬಲವಾಗಿ ಅಂಟುವುದು ಹಿಂದೆ ಬೀಳುತ್ತದೆ, ಸಡಿಲವಾಗಿ ಅಂಟುವುದು ಮುಂದೆ ಸಾಗುತ್ತದೆ. ಒಂದು ಸಲದ ಹಿಡಿತ-ಬಿಡುವಿಕೆಯಲ್ಲಿ ಎರಡು ವರ್ಣದ್ರವ್ಯಗಳ ನಡುವಣ ಅಂತರ ಏನೂ ಅಲ್ಲದಿರಬಹುದು. ಆದರೆ ಕೊಳವೆಯುದ್ದಕ್ಕೂ ಅದೇ ಕ್ರಿಯೆ ಲೆಕ್ಕವಿಲ್ಲದಷ್ಟು ಸಲ ನಡೆಯುವುದರಿಂದ ಆ ಅತ್ಯಲ್ಪ ಅಂತರ ಬೆಳೆಯುತ್ತ ಕಣ್ಣಿಗೆ ಕಾಣುವ ದೂರವಾಗುತ್ತದೆ. ಸ್ಫಟಿಕೀಕರಣದಲ್ಲಿ ಮನುಷ್ಯನ ಕೈ ಸಾವಿರಾರು ಸಲ ಮಾಡಬೇಕಿದ್ದ ಪುನರಾವರ್ತನೆಯನ್ನು ಇಲ್ಲಿ ಹರಿಯುವ ದ್ರವವೇ ಮಾಡುತ್ತದೆ ಎಂಬುದರಲ್ಲಿ ಈ ವಿಧಾನದ ಸಾರವೆಲ್ಲ ಅಡಗಿದೆ.

ಕ್ಯಾರೊಟೀನ್ ಹೆಚ್ಚು ತಡೆಯಿಲ್ಲದೆ ಮೊದಲು ಹೊರಬಿದ್ದರೆ, ಕೊಳವೆಯೊಳಗೆ ಹಳದಿ, ಹಳದಿಗೂಡಿದ ಹಸಿರು, ನೀಲಿಗೂಡಿದ ಹಸಿರು, ಮತ್ತೆ ಹಳದಿ ಎಂಬಂತೆ ಪಟ್ಟಿಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಅನಂತರ ಸ್ವೆತ್ ಆ ಪುಡಿಯ ಕಂಬವನ್ನು ಕೊಳವೆಯಿಂದ ಮೆಲ್ಲನೆ ಹೊರಕ್ಕೆ ತಳ್ಳಿ, ಪಟ್ಟಿಗಳನ್ನು ಚೂರಿಯಿಂದ ಕತ್ತರಿಸಿ, ಪ್ರತಿಯೊಂದು ತುಂಡನ್ನೂ ಆಲ್ಕೊಹಾಲಿನಲ್ಲಿ ತೊಳೆದು ಒಂದೊಂದು ವರ್ಣದ್ರವ್ಯವನ್ನೂ ಪ್ರತ್ಯೇಕವಾಗಿ ಪಡೆಯುತ್ತಿದ್ದರು. ಹಸಿರು ಎರಡು ಎಂಬ ಸ್ಟೋಕ್ಸ್ ಅವರ ಮಾತು ಹೀಗೆ ಕಣ್ಣೆದುರು ಸಿದ್ಧವಾಯಿತು. ಇಂದು ಕ್ಲೋರೊಫಿಲ್ ಎ ಮತ್ತು ಕ್ಲೋರೊಫಿಲ್ ಬಿ ಎಂದು ಶಾಲೆಯ ಪಠ್ಯಗಳೂ ಹೆಸರಿಸುವ ವಸ್ತುಗಳು ಅವೇ. ಹಳದಿಯೂ ಎರಡೇ ಅಲ್ಲ, ಅನೇಕ ಎಂಬುದು ತಿಳಿಯಿತು, ಆ ಇಡೀ ಕುಟುಂಬಕ್ಕೆ ಕ್ಯಾರೊಟಿನಾಯ್ಡ್ ಎಂಬ ಹೆಸರನ್ನು ಮುಂದೆ ಕೊಟ್ಟವರೂ ಸ್ವೆತ್ ಅವರೇ. ಈ ವಿಧಾನ ಬಣ್ಣವಿಲ್ಲದ ವಸ್ತುಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಅವರು ಆಗಲೇ ಗುರುತಿಸಿದ್ದರು.

ಇಷ್ಟು ಸ್ಪಷ್ಟವಾದ, ಯಾರು ಬೇಕಾದರೂ ಅರ್ಧ ದಿನದಲ್ಲಿ ಮಾಡಿ ನೋಡಬಹುದಾದ ಈ ವಿಧಾನ ಸುಮಾರು ಕಾಲು ಶತಮಾನ ಮೂಲೆಯಲ್ಲಿ ಬಿದ್ದಿರಲು ಕಾರಣವೇನು ಎಂಬುದು ವಿಜ್ಞಾನದ ಇತಿಹಾಸಕಾರರು ಮತ್ತೆ ಮತ್ತೆ ಕೇಳಿಕೊಂಡ ಪ್ರಶ್ನೆ. ಕ್ರಾಕೊವ್‌ನ ರಸಾಯನವಿಜ್ಞಾನಿ ಲಿಯೋನ್ ಮಾರ್ಖ್ಲೆವ್ಸ್ಕಿ ಸ್ವೆತ್ ಅವರ ತೀರ್ಮಾನಗಳನ್ನು ಜರ್ಮನ್ ಪತ್ರಿಕೆಗಳಲ್ಲಿ ಕಟುವಾಗಿ ಅಲ್ಲಗಳೆದರು; ಸೋಸುವ ಪ್ರಯೋಗವೊಂದರಿಂದ ರಾಸಾಯನಿಕ ಸತ್ಯ ನಿರ್ಣಯವಾಗದು ಎಂಬ ಧೋರಣೆ ಅವರದು. ಅವರಿಗಿಂತ ಹೆಚ್ಚು ತೂಕವಿದ್ದದ್ದು ರಿಚರ್ಡ್ ವಿಲ್‌ಸ್ಟೆಟರ್ ಅವರ ಅಭಿಪ್ರಾಯಕ್ಕೆ. ಪತ್ರಹರಿತ್ತಿನ ರಸಾಯನದಲ್ಲಿ ಅಂದಿನ ಯೂರೋಪಿನ ಅಗ್ರಗಣ್ಯರಾಗಿದ್ದ, 1915ರ ನೊಬೆಲ್ ಪ್ರಶಸ್ತಿಯನ್ನು ಅದೇ ಕೆಲಸಕ್ಕೆ ಪಡೆದ ಅವರು, ಒಣಗಿದ ಎಲೆಗಳಿಂದ ದ್ರಾವಕಗಳ ಮೂಲಕ ಅಪಾರ ಪ್ರಮಾಣದಲ್ಲಿ ವಸ್ತುವನ್ನು ಹೊರತೆಗೆದು ಶುದ್ಧೀಕರಿಸುತ್ತಿದ್ದರು. ಪುಡಿ ತುಂಬಿದ ಕೊಳವೆಯಲ್ಲಿ ಪತ್ರಹರಿತ್ತು ಕೆಡುತ್ತದೆ, ದೊಡ್ಡ ಪ್ರಮಾಣದ ಕೆಲಸಕ್ಕೆ ಆ ವಿಧಾನ ಒದಗದು ಎಂಬುದು ಅವರ ನಿಲುವಾಗಿತ್ತು. ಕ್ರಿಯಾಶೀಲವಾದ ಪುಡಿಗಳು ವರ್ಣದ್ರವ್ಯವನ್ನು ಕೆಡಿಸುವುದು ನಿಜವೇ. ಅದಕ್ಕೆಂದೇ ಸ್ವೆತ್ ಕ್ಯಾಲ್ಸಿಯಂ ಕಾರ್ಬೊನೇಟ್, ಇನ್ಯುಲಿನ್, ಸಕ್ಕರೆಯ ಪುಡಿ ಮೊದಲಾದ ಸೌಮ್ಯ ವಸ್ತುಗಳನ್ನು ಹುಡುಕಿ ಆರಿಸಿದ್ದರು. ಆ ಎಚ್ಚರ ಓದುಗರಿಗೆ ತಲುಪಲಿಲ್ಲ.

ವ್ಯಕ್ತಿಗಳ ವಿರೋಧಕ್ಕಿಂತ ಆಳವಾದ ಕಾರಣ ಅಂದಿನ ರಸಾಯನವಿಜ್ಞಾನದ ರೂಢಿಯಲ್ಲಿತ್ತು ಎನ್ನಬೇಕಾಗುತ್ತದೆ. ವಸ್ತುವೊಂದು ಇದೆ ಎಂದು ಒಪ್ಪಬೇಕಾದರೆ ಅದರ ಹರಳುಗಳನ್ನು ತೋರಿಸಬೇಕು, ಸುಟ್ಟು ಅದರ ಇಂಗಾಲ-ಜಲಜನಕಗಳ ಪ್ರಮಾಣವನ್ನು ತೂಗಿ ಹೇಳಬೇಕು ಎಂಬುದು ಆ ರೂಢಿ; ಇಕ್ಕಟ್ಟಾದ ಕೊಳವೆಯೊಳಗಿನ ಬಣ್ಣದ ಉಂಗುರ, ಎಷ್ಟೇ ಶುದ್ಧವಾಗಿದ್ದರೂ, ತೂಗಲು ಸಾಲುತ್ತಿರಲಿಲ್ಲ. ಕೆಲವೇ ಮಿಲಿಗ್ರಾಂ ವಸ್ತುವಿನಲ್ಲಿ ಇಂಥ ವಿಶ್ಲೇಷಣೆ ನಡೆಸುವ ಸೂಕ್ಷ್ಮ ವಿಧಾನವನ್ನು ಆಸ್ಟ್ರಿಯದ ಫ್ರಿಟ್ಜ್ ಪ್ರೆಗ್ಲ್ ರೂಪಿಸಿದ್ದು ಅದೇ ವರ್ಷಗಳಲ್ಲಿ, ಅದಕ್ಕೆ ನೊಬೆಲ್ ಮನ್ನಣೆ ಬಂದದ್ದು 1923ರಲ್ಲಿ. ಇದಕ್ಕೆ ಸೇರಿಕೊಂಡದ್ದು ವಿದ್ಯಾಶಾಖೆಗಳ ನಡುವಣ ಗೋಡೆ. ಸಸ್ಯವಿಜ್ಞಾನದ ಪತ್ರಿಕೆಯಲ್ಲಿ ಬಂದ ಲೇಖನ ರಸಾಯನವಿಜ್ಞಾನಿಗಳ ಮೇಜಿಗೆ ಬರುತ್ತಿರಲಿಲ್ಲ, 1910ರಲ್ಲಿ ಸ್ವೆತ್ ಪ್ರಕಟಿಸಿದ ದೊಡ್ಡ ಗ್ರಂಥ ರಷ್ಯನ್ ಭಾಷೆಯಲ್ಲಿದ್ದುದರಿಂದ ಪಶ್ಚಿಮ ಯೂರೋಪಿನವರಿಗೆ ಅದು ಮುಚ್ಚಿದ ಪುಸ್ತಕವಾಗಿತ್ತು.

ಮೊದಲ ಮಹಾಯುದ್ಧ ಉಳಿದ ಅವಕಾಶವನ್ನೂ ಕಿತ್ತುಕೊಂಡಿತು. 1915ರಲ್ಲಿ ಜರ್ಮನ್ ಸೇನೆ ವಾರ್ಸಾಕ್ಕೆ ಬಂದಾಗ ಸ್ವೆತ್ ಅಧ್ಯಾಪಕರಾಗಿದ್ದ ಪಾಲಿಟೆಕ್ನಿಕ್ ಸಂಸ್ಥೆಯನ್ನು ತೆರವುಗೊಳಿಸಲಾಯಿತು. ಮಾಸ್ಕೊ, ನಿಜ್ನಿ ನೊವ್ಗೊರೊದ್‌ಗಳನ್ನು ದಾಟಿ 1917ರಲ್ಲಿ ಯೂರಿಯೆವ್ ನಗರದಲ್ಲಿ, ಅಂದರೆ ಇಂದಿನ ಎಸ್ಟೋನಿಯದ ಟಾರ್ಟುವಿನಲ್ಲಿ, ಪ್ರಾಧ್ಯಾಪಕ ಹುದ್ದೆ ಸಿಕ್ಕಿತಾದರೂ ಮರುವರ್ಷ ಅದೂ ಜರ್ಮನರ ಕೈಸೇರಿ, ಅಲ್ಲಿಂದ ವೊರೊನೆಜ್‌ಗೆ ಹೋಗಬೇಕಾಯಿತು. 1918ರ ನೊಬೆಲ್ ಪ್ರಶಸ್ತಿಗೆ ಅವರ ಹೆಸರು ನಾಮನಿರ್ದೇಶನಗೊಂಡಿತ್ತು, ಪ್ರಶಸ್ತಿ ಬರಲಿಲ್ಲ. 1919ರ ಜೂನ್ 26ರಂದು ವೊರೊನೆಜ್‌ನಲ್ಲಿ, 47ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ವಿಧಾನ ಪೂರ್ತಿ ನಂದಿಹೋಗಲಿಲ್ಲ. ಅಮೆರಿಕದ ಮಿಸೂರಿ ವಿಶ್ವವಿದ್ಯಾಲಯದಲ್ಲಿ ಲೆರಾಯ್ ಪಾಮರ್ ಹಾಲು-ಬೆಣ್ಣೆಯ ಹಳದಿ ಬಣ್ಣದ ಮೂಲವನ್ನು ಹುಡುಕುತ್ತ ಸ್ವೆತ್ ಅವರ ಕೊಳವೆಯನ್ನು ಬಳಸಿ, ಆ ಬಣ್ಣ ಹಸು ತಿಂದ ಹಸಿರು ಮೇವಿನ ಕ್ಯಾರೊಟೀನಿನಿಂದಲೇ ಬರುತ್ತದೆಂದು ಸ್ಥಾಪಿಸಿದರು. 1922ರಲ್ಲಿ ಕ್ಯಾರೊಟಿನಾಯ್ಡ್‌ಗಳ ಮೇಲೆ ಅವರು ಬರೆದ ಪುಸ್ತಕದಲ್ಲಿ ಸ್ವೆತ್ ವಿಧಾನದ ವಿವರವಾದ ನಿರೂಪಣೆಯಿತ್ತು, ಆ ಪುಸ್ತಕವೇ ಮುಂದೆ ಸೇತುವೆಯಾಯಿತು. 1930ರಲ್ಲಿ ಹೈಡೆಲ್‌ಬರ್ಗ್‌ನ ಕೈಸರ್ ವಿಲ್‌ಹೆಲ್ಮ್ ಸಂಸ್ಥೆಯಲ್ಲಿ ರಿಚರ್ಡ್ ಕೂನ್ ಅವರ ಬಳಿ ಸಂಶೋಧನೆಗೆ ಬಂದ ಯುವಕ ಎಡ್ಗರ್ ಲೆಡೆರರ್ ಮೊಟ್ಟೆಯ ಹಳದಿ ಭಾಗದ ವರ್ಣದ್ರವ್ಯವನ್ನು ಬಿಡಿಸುವ ದಾರಿ ಹುಡುಕುವಾಗ ಪಾಮರ್ ಅವರ ಪುಸ್ತಕದ ಮೂಲಕ ಸ್ವೆತ್ ಅವರನ್ನು ತಲುಪಿದರು. ವಿಲ್‌ಸ್ಟೆಟರ್ ತಮಗಾಗಿ ಮಾಡಿಸಿಕೊಂಡಿದ್ದ ರಷ್ಯನ್ ಗ್ರಂಥದ ಜರ್ಮನ್ ಅನುವಾದದ ಪ್ರತಿಯೂ ಕೂನ್ ಅವರ ಬಳಿ ಇತ್ತು. ಒಂದೇ ವಸ್ತುವೆಂದು ತಿಳಿದಿದ್ದ ಆ ಹಳದಿ ಲ್ಯೂಟೀನ್ ಮತ್ತು ಝಿಯಾಕ್ಸಾಂಥಿನ್ ಎಂಬ ಎರಡಾಗಿ ಒಡೆಯಿತು. ಗಜ್ಜರಿಯ ಕ್ಯಾರೊಟೀನ್, ಅದೂ ಹರಳುರೂಪದಲ್ಲಿ ಪಡೆದು ಸೂತ್ರವನ್ನೂ ನಿರ್ಣಯಿಸಿ ಶುದ್ಧವೆಂದು ಒಪ್ಪಿದ್ದ ವಸ್ತು, ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳ ಮಿಶ್ರಣವೆಂದು ತಿಳಿಯಿತು. ಹರಳೇ ಶುದ್ಧತೆಯ ಸಾಕ್ಷಿ ಎಂಬ ಹಳೆಯ ನಂಬಿಕೆ ಕುಸಿದದ್ದು ಇಲ್ಲಿ. 1931ರಲ್ಲಿ ಈ ಫಲಿತಾಂಶಗಳು ಪ್ರಕಟವಾದ ಮೇಲೆ ಕೊಳವೆಗಳು ಯೂರೋಪಿನ ಪ್ರಯೋಗಾಲಯಗಳಲ್ಲೆಲ್ಲ ನಿಂತವು. ಕ್ಯಾರೊಟಿನಾಯ್ಡ್ ಮತ್ತು ವಿಟಮಿನ್‌ಗಳ ಮೇಲಿನ ಕೆಲಸಕ್ಕೆ ಪಾಲ್ ಕಾರರ್ 1937ರಲ್ಲಿ, ಕೂನ್ 1938ರಲ್ಲಿ ನೊಬೆಲ್ ಪಡೆದರು. ಲೆಡೆರರ್ ಅಷ್ಟರಲ್ಲಿ, ಹಿಟ್ಲರನ ಆಡಳಿತ ಬಂದ 1933ರಲ್ಲಿಯೇ, ಜರ್ಮನಿಯನ್ನು ತೊರೆದು ಪ್ಯಾರಿಸ್ ಸೇರಿದ್ದರು.

ಎರಡನೆಯ ದೊಡ್ಡ ಹೆಜ್ಜೆ ಇಂಗ್ಲೆಂಡಿನ ಉಣ್ಣೆಯ ಉದ್ಯಮದಿಂದ ಬಂತು. ಉಣ್ಣೆ ಒಂದು ಪ್ರೋಟೀನು. ಪ್ರೋಟೀನನ್ನು ಆಮ್ಲದಲ್ಲಿ ಕುದಿಸಿದರೆ ಅದು ಇಪ್ಪತ್ತರಷ್ಟು ಬಗೆಯ ಅಮೈನೊ ಆಮ್ಲಗಳಾಗಿ ಒಡೆಯುತ್ತದೆ, ಆದರೆ ಗುಣದಲ್ಲಿ ಅಕ್ಕಪಕ್ಕದಲ್ಲಿರುವ ಅವುಗಳನ್ನು ಬಿಡಿಸಿ ಅಳೆಯುವುದು ಆಗ ತೀರ ಪ್ರಯಾಸದ ಕೆಲಸ. ಲೀಡ್ಸ್ ನಗರದ ಉಣ್ಣೆ ಉದ್ಯಮಗಳ ಸಂಶೋಧನಾ ಸಂಘದಲ್ಲಿ ಈ ಸಮಸ್ಯೆಯನ್ನು ಹಿಡಿದವರು ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್. ಬಾಲ್ಯದಲ್ಲಿಯೇ ಡಬ್ಬಿಗಳನ್ನು ಬೆಸೆದು ಆಸವನದ ಕಂಬಗಳನ್ನು ಕಟ್ಟಿದ್ದ ಮಾರ್ಟಿನ್‌ಗೆ ಬೇರ್ಪಡಿಸುವ ಯಂತ್ರಗಳು ಹುಟ್ಟು ಒಲವು. ಸಿಂಜ್ ಅಮೈನೊ ಆಮ್ಲಗಳ ರಸಾಯನ ಬಲ್ಲವರು. ಇಬ್ಬರೂ ಸೇರಿ ಮೊದಲು ಕಟ್ಟಿದ ಯಂತ್ರದಲ್ಲಿ ನೀರು ಮತ್ತು ಕ್ಲೋರೊಫಾರ್ಮ್ ಎದುರುಬದುರಾಗಿ ಹರಿಯುತ್ತಿದ್ದವು. ಒಂದರಲ್ಲೊಂದು ಬೆರೆಯದ ಎರಡು ದ್ರವಗಳ ನಡುವೆ ಕರಗಿದ ವಸ್ತು ನಿರ್ದಿಷ್ಟ ಅನುಪಾತದಲ್ಲಿ ಹಂಚಿಹೋಗುತ್ತದೆ, ಆ ಅನುಪಾತ ವಸ್ತುವಿನಿಂದ ವಸ್ತುವಿಗೆ ಬೇರೆ ಎಂಬುದು ಅದರ ತತ್ತ್ವ. ಆದರೆ ಎರಡೂ ದ್ರವಗಳನ್ನು ಏಕಕಾಲಕ್ಕೆ ವಿರುದ್ಧ ದಿಕ್ಕಿಗೆ ಓಡಿಸುವುದು, ಓಡುವಾಗಲೇ ಅವು ಚೆನ್ನಾಗಿ ಕಲೆತು ಬೇರೆಯಾಗುವಂತೆ ಮಾಡುವುದು ಯಂತ್ರವನ್ನು ಮಿತಿಮೀರಿ ಜಟಿಲಗೊಳಿಸಿತು.

ಎರಡನ್ನೂ ಏಕೆ ಓಡಿಸಬೇಕು, ಒಂದನ್ನು ಕಟ್ಟಿಹಾಕಿ ಇನ್ನೊಂದನ್ನು ಮಾತ್ರ ಓಡಿಸಿದರೆ ಸಾಲದೇ ಎಂಬ ಮಾರ್ಟಿನ್ ಅವರ ಯೋಚನೆ ಇಡೀ ಸಮಸ್ಯೆಯನ್ನು ಬಿಡಿಸಿತು. ಸಿಲಿಕಾ ಜೆಲ್ ಎಂಬ ಪುಡಿ ಸಾಕಷ್ಟು ನೀರನ್ನು ಹೀರಿಕೊಂಡೂ ಒಣಪುಡಿಯಂತೆಯೇ ಉಳಿಯುತ್ತದೆ. ಅದನ್ನು ಕೊಳವೆಯಲ್ಲಿ ತುಂಬಿದರೆ ನೀರು ಅಲುಗದೆ ನಿಂತಂತಾಯಿತು, ಮೇಲಿನಿಂದ ಕ್ಲೋರೊಫಾರ್ಮನ್ನು ಹರಿಸಿದರೆ ಹಂಚಿಕೆ ತಾನೇ ತಾನಾಗಿ ಹೆಜ್ಜೆಹೆಜ್ಜೆಗೂ ನಡೆಯಿತು. ಅಸಿಟೈಲ್ ಗುಂಪು ಸೇರಿಸಿದ ಅಮೈನೊ ಆಮ್ಲಗಳಿಗೆ ಬಣ್ಣವಿಲ್ಲದಿದ್ದುದರಿಂದ, ಜೆಲ್‌ಗೆ ಮೀಥೈಲ್ ಆರೆಂಜ್ ಸೂಚಕವನ್ನು ಬೆರೆಸಲಾಗಿತ್ತು; ಆಮ್ಲ ಇರುವಲ್ಲೆಲ್ಲ ಕೆಂಪು ಪಟ್ಟಿ ಕಾಣುತ್ತಿತ್ತು. ಹೊರನೋಟಕ್ಕೆ ಇದು ಸ್ವೆತ್ ಅವರ ಕೊಳವೆಯೇ. ಒಳಗೆ ಕೆಲಸಮಾಡುತ್ತಿದ್ದುದು ಮಾತ್ರ ಮೇಲ್ಮೈಗೆ ಅಂಟುವ ಬಲವಲ್ಲ, ಎರಡು ದ್ರವಗಳಲ್ಲಿನ ಕರಗುವಿಕೆಯ ವ್ಯತ್ಯಾಸ. ಆದ್ದರಿಂದ ಇದಕ್ಕೆ ಹಂಚಿಕೆಯ ಕ್ರೊಮ್ಯಾಟೋಗ್ರಫಿ ಎಂದು ಹೆಸರಾಯಿತು. ನಿಂತಿರುವ ಭಾಗ ಸ್ಥಿರ ಪ್ರಾವಸ್ಥೆ, ಹರಿಯುವ ಭಾಗ ಚಲ ಪ್ರಾವಸ್ಥೆ ಎಂಬ ಪರಿಭಾಷೆಯೂ ಬೇರೂರಿತು.

1941ರಲ್ಲಿ ಬಯೋಕೆಮಿಕಲ್ ಜರ್ನಲ್‌ನಲ್ಲಿ ಬಂದ ಅವರ ಲೇಖನ ಈ ಶಾಸ್ತ್ರದ ಇತಿಹಾಸದಲ್ಲಿ ಅತ್ಯಂತ ಫಲವತ್ತಾದ ಬರಹ ಎಂದರೆ ಉತ್ಪ್ರೇಕ್ಷೆಯಲ್ಲ. ಆಸವನದ ಎಂಜಿನಿಯರುಗಳು ಗೋಪುರದ ಸಾಮರ್ಥ್ಯವನ್ನು ಅಳೆಯಲು ಬಳಸುತ್ತಿದ್ದ ಸೈದ್ಧಾಂತಿಕ ತಟ್ಟೆಗಳ ಕಲ್ಪನೆಯನ್ನು, ಅಂದರೆ ಎರಡು ಪ್ರಾವಸ್ಥೆಗಳ ನಡುವೆ ಸಮತೋಲನ ಒಂದು ಸಲ ಏರ್ಪಡಲು ಬೇಕಾದ ಉದ್ದವನ್ನು ಒಂದು ಘಟಕವೆಂದು ಎಣಿಸುವ ಕ್ರಮವನ್ನು, ಅವರು ಕೊಳವೆಗೆ ಅನ್ವಯಿಸಿ, ಅನುಭವದ ಕಲೆಯಾಗಿದ್ದುದಕ್ಕೆ ಗಣಿತದ ತಳಹದಿ ಕೊಟ್ಟರು. ಅದೇ ಲೇಖನದಲ್ಲಿ ಇನ್ನೆರಡು ಮುನ್ನೋಟಗಳಿದ್ದವು: ಹರಿಯುವುದು ದ್ರವವೇ ಆಗಬೇಕಿಲ್ಲ, ಅನಿಲವೂ ಆಗಬಹುದು, ಪುಡಿಯ ಕಣಗಳು ಅತ್ಯಂತ ಚಿಕ್ಕದಾಗಿದ್ದು ದ್ರವವನ್ನು ಹೆಚ್ಚಿನ ಒತ್ತಡದಲ್ಲಿ ತಳ್ಳಿದರೆ ಬೇರ್ಪಡಿಕೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

1944ರಲ್ಲಿ ಕಾನ್ಸ್‌ಡೆನ್, ಗಾರ್ಡನ್ ಮತ್ತು ಮಾರ್ಟಿನ್ ಸಿಲಿಕಾ ಜೆಲ್‌ನ ಜಾಗಕ್ಕೆ ಸಾಮಾನ್ಯ ಸೋಸುಕಾಗದವನ್ನು ತಂದರು. ಕಾಗದದ ನಾರುಗಳು ಹಿಡಿದಿಟ್ಟ ತೇವವೇ ಸ್ಥಿರ ಪ್ರಾವಸ್ಥೆ. ಮೂಲೆಯಲ್ಲಿ ಒಂದು ಹನಿ ಮಿಶ್ರಣವನ್ನಿಟ್ಟು, ಒಂದು ದಿಕ್ಕಿನಲ್ಲಿ ಫೀನಾಲ್, ಅದು ಒಣಗಿದ ಮೇಲೆ ಅಡ್ಡದಿಕ್ಕಿನಲ್ಲಿ ಕೊಲಿಡಿನ್ ಹರಿಸಿ, ನಿನ್‌ಹೈಡ್ರಿನ್ ಸಿಂಪಡಿಸಿ ಕಾಯಿಸಿದರೆ ಅಮೈನೊ ಆಮ್ಲಗಳು ಕಾಗದದ ಮೇಲೆಲ್ಲ ನೇರಳೆ ಚುಕ್ಕೆಗಳಾಗಿ ಹರಡಿಕೊಳ್ಳುತ್ತಿದ್ದವು. ಮೈಕ್ರೊಗ್ರಾಂಗಳಲ್ಲಿ ಎಣಿಸುವಷ್ಟು ವಸ್ತು ಸಾಕಾಗುತ್ತಿತ್ತು, ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಯುದ್ಧದಿಂದ ಬಡವಾಗಿದ್ದ ಪ್ರಯೋಗಾಲಯಗಳಿಗೆ ಇದಕ್ಕಿಂತ ದೊಡ್ಡ ಕೊಡುಗೆ ಇರಲಾರದು.

ಅಲ್ಲಿಂದ ಮುಂದಿನ ಹತ್ತು ವರ್ಷಗಳ ಜೀವವಿಜ್ಞಾನವನ್ನು ಈ ವಿಧಾನವಿಲ್ಲದೆ ಊಹಿಸಲಾಗದು. ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್ನನ್ನು ತುಂಡುತುಂಡಾಗಿಸಿ, ತುಂಡುಗಳನ್ನು ಇದರಿಂದಲೇ ಬಿಡಿಸಿ, ಪ್ರೋಟೀನಿನಲ್ಲಿ ಅಮೈನೊ ಆಮ್ಲಗಳು ಖಚಿತ ಅನುಕ್ರಮದಲ್ಲಿ ಜೋಡಣೆಯಾಗಿರುತ್ತವೆಂದು ಮೊದಲ ಬಾರಿಗೆ ತೋರಿಸಿದರು. ನ್ಯೂಯಾರ್ಕಿನಲ್ಲಿ ಎರ್ವಿನ್ ಚಾರ್ಗಾಫ್ ಡಿಎನ್‌ಎಯ ನಾಲ್ಕು ಪ್ರತ್ಯಾಮ್ಲಗಳನ್ನು ಕಾಗದದ ಮೇಲೆ ಬೇರ್ಪಡಿಸಿ ಅಳೆದಾಗ, ಅಡಿನಿನ್ ಥೈಮಿನ್‌ಗೂ ಗ್ವಾನಿನ್ ಸೈಟೊಸಿನ್‌ಗೂ ಸಮಪ್ರಮಾಣದಲ್ಲಿರುವುದು ಕಂಡಿತು. 1953ರ ಜೋಡಿಸುರುಳಿಯ ಮಾದರಿಗೆ ಇದು ಮುಖ್ಯ ಆಧಾರಗಳಲ್ಲೊಂದು. ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್ ಮತ್ತು ಸಂಗಡಿಗರು ವಿಕಿರಣಶೀಲ ಇಂಗಾಲವನ್ನು ಪಾಚಿಗೆ ಉಣಿಸಿ, ಕೆಲವು ಕ್ಷಣಗಳಲ್ಲಿ ಹುಟ್ಟುವ ವಸ್ತುಗಳನ್ನು ಕಾಗದದ ಮೇಲೆ ಬಿಡಿಸಿ, ಸಸ್ಯ ಗಾಳಿಯ ಇಂಗಾಲವನ್ನು ಸಕ್ಕರೆಯಾಗಿಸುವ ಹಾದಿಯನ್ನು ಗುರುತಿಸಿದರು. ವಿರಳ ಭಸ್ಮ ಧಾತುಗಳ ಪಾಡೂ ಬದಲಾಯಿತು: ಅಯಾನುಗಳನ್ನು ಅದಲುಬದಲು ಮಾಡಿಕೊಳ್ಳುವ ರಾಳವನ್ನು ಕೊಳವೆಯಲ್ಲಿ ತುಂಬಿ ಅಮೆರಿಕದ ಅಣುಬಾಂಬ್ ಯೋಜನೆಯ ವಿಜ್ಞಾನಿಗಳು ಅವನ್ನು ಬಿಡಿಸಿದರು, 1945ರಲ್ಲಿ ಓಕ್ ರಿಜ್‌ನಲ್ಲಿ ಪ್ರೊಮೀಥಿಯಂ ಧಾತು ಪತ್ತೆಯಾದದ್ದು ಈ ವಿಧಾನದಿಂದಲೇ.

ಬೆಂಗಳೂರಿಗೂ ಈ ಅಲೆ ಬೇಗನೆ ತಲುಪಿತು. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಕೆ.ವಿ. ಗಿರಿ ಮತ್ತು ಅವರ ಸಹೋದ್ಯೋಗಿಗಳು 1950ರ ದಶಕದ ಆರಂಭದಲ್ಲಿ ವೃತ್ತಾಕಾರದ ಕಾಗದ ಕ್ರೊಮ್ಯಾಟೋಗ್ರಫಿಯನ್ನು ಬೆಳೆಸಿದರು. ದುಂಡಗಿನ ಕಾಗದದ ನಡುವಿನಿಂದ ದ್ರಾವಕ ಸುತ್ತಲೂ ಹರಡುವಂತೆ ಮಾಡುವ ಈ ಕ್ರಮದಲ್ಲಿ ಅಮೈನೊ ಆಮ್ಲಗಳು ಚುಕ್ಕೆಗಳಾಗುವ ಬದಲು ತೆಳುವಾದ ಕಮಾನುಗಳಾಗಿ ಬೇರ್ಪಡುತ್ತವೆ, ಪಕ್ಕಪಕ್ಕದಲ್ಲಿಟ್ಟ ಹಲವು ಮಾದರಿಗಳನ್ನು ಒಂದೇ ಹಾಳೆಯಲ್ಲಿ ಹೋಲಿಸಬಹುದು. 1952ರಲ್ಲಿ ನೇಚರ್ ಪತ್ರಿಕೆ ಈ ಕೆಲಸವನ್ನು ಪ್ರಕಟಿಸಿತು. ಬೆಲೆಬಾಳುವ ಉಪಕರಣಗಳಿಲ್ಲದ ದೇಶದಲ್ಲಿ ಮುಂಚೂಣಿಯ ಸಂಶೋಧನೆ ನಡೆಯಲು ಕಾಗದವೊಂದು ಸಾಕಾದ ಕಾಲ ಅದು. ಅಂಥ ಅವಕಾಶವನ್ನು ಕನ್ನಡನಾಡಿನ ಸಂಸ್ಥೆಯೊಂದು ಕೂಡಲೇ ಬಳಸಿಕೊಂಡದ್ದು ನೆನೆಯಬೇಕಾದ ಸಂಗತಿ.

1941ರ ಲೇಖನದ ಅನಿಲದ ಮಾತು ಮಾತ್ರ ಯಾರ ಗಮನವನ್ನೂ ಸೆಳೆಯಲಿಲ್ಲ. ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಎರಿಕಾ ಕ್ರೆಮರ್ ಸ್ವತಂತ್ರವಾಗಿ, ಅನಿಲವನ್ನು ಅಧಿಶೋಷಕ ಪುಡಿಯ ಮೂಲಕ ಹರಿಸಿ ಮಿಶ್ರಣ ಬಿಡಿಸುವ ವಿಧಾನವನ್ನು ಯೋಚಿಸಿ 1944ರಲ್ಲಿ ಲೇಖನ ಬರೆದರು; ಅದು ಅಚ್ಚಾಗಬೇಕಿದ್ದ ಮುದ್ರಣಾಲಯ ಬಾಂಬ್ ದಾಳಿಗೆ ಸಿಕ್ಕಿ, ಲೇಖನ ಬೆಳಕು ಕಂಡದ್ದು 1976ರಲ್ಲಿ, ಚಾರಿತ್ರಿಕ ದಾಖಲೆಯಾಗಿ. ಯುದ್ಧ ಸ್ವೆತ್ ಅವರಿಗೆ ಮಾಡಿದ ಅನ್ಯಾಯವನ್ನೇ ಇನ್ನೊಂದು ಯುದ್ಧ ಕ್ರೆಮರ್ ಅವರಿಗೂ ಮಾಡಿತು. ಹತ್ತು ವರ್ಷ ಕಾದರೂ ಬೇರೆ ಯಾರೂ ಕೈಹಾಕದಿದ್ದಾಗ ಮಾರ್ಟಿನ್ ಅವರೇ, ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಎ.ಟಿ. ಜೇಮ್ಸ್ ಜೊತೆಗೂಡಿ, 1952ರಲ್ಲಿ ಅನಿಲ ಕ್ರೊಮ್ಯಾಟೋಗ್ರಫಿಯನ್ನು ಪ್ರಕಟಿಸಿದರು. ಆವಿಯಾಗಬಲ್ಲ ಮೇದಾಮ್ಲಗಳು ನೈಟ್ರೊಜನ್ನಿನ ಹರಿವಿನಲ್ಲಿ ತೇಲಿ, ಕೊಳವೆಯೊಳಗಿನ ಆವಿಯಾಗದ ದ್ರವದಲ್ಲಿ ಕರಗಿ ಮತ್ತೆ ಆವಿಯಾಗುತ್ತ ಒಂದೊಂದಾಗಿ ಹೊರಬಂದವು. ಅದೇ ವರ್ಷ ಮಾರ್ಟಿನ್ ಮತ್ತು ಸಿಂಜ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಪೆಟ್ರೋಲಿಯಂ ಉದ್ಯಮ ಈ ಹೊಸ ವಿಧಾನವನ್ನು ಕೂಡಲೇ ತನ್ನದಾಗಿಸಿಕೊಂಡಿತು. ಜೇಮ್ಸ್ ಲವ್‌ಲಾಕ್ 1957ರಲ್ಲಿ ಇದಕ್ಕೆಂದು ರೂಪಿಸಿದ ಅತಿಸೂಕ್ಷ್ಮ ಶೋಧಕದಿಂದ ಆಹಾರದಲ್ಲೂ ಪ್ರಾಣಿಗಳ ಕೊಬ್ಬಿನಲ್ಲೂ ಉಳಿದಿದ್ದ ಡಿಡಿಟಿಯಂಥ ಕೀಟನಾಶಕಗಳ ಅಂಶವನ್ನು ಅಳೆಯುವುದು ಸಾಧ್ಯವಾಯಿತು.

ಎರಡನೆಯ ಮುನ್ನೋಟ ಇನ್ನೂ ಹೆಚ್ಚು ಕಾಯಬೇಕಾಯಿತು. ಸಣ್ಣ ಕಣಗಳು, ಹೆಚ್ಚಿನ ಒತ್ತಡ ಎಂಬ ಆ ಸೂಚನೆಯನ್ನು 1960ರ ದಶಕದ ನಡುವಿನಿಂದ ಚಾಬಾ ಹೊರ್ವಾತ್ ಮೊದಲಾದವರು ಉಪಕರಣವಾಗಿ ನಿಲ್ಲಿಸಿದರು, ಅದನ್ನು ಇಂದು ಎಚ್‌ಪಿಎಲ್‌ಸಿ ಎಂಬ ಹೆಸರಿನಿಂದ ಎಲ್ಲರೂ ಬಲ್ಲರು. ಈಗ ಔಷಧ ಕಾರ್ಖಾನೆಗಳಲ್ಲಿ ಮಾತ್ರೆಯ ಶುದ್ಧತೆಯನ್ನು ನಿರ್ಣಯಿಸಲು ವ್ಯಾಪಕವಾಗಿ ಬಳಕೆಯಲ್ಲಿರುವುದು ಈ ಉಪಕರಣವೇ. ಅದರ ಉಕ್ಕಿನ ಕೊಳವೆಯಲ್ಲಿ ಸುಣ್ಣದ ಪುಡಿಯ ಬದಲು ಕೆಲವೇ ಮೈಕ್ರೊಮೀಟರ್ ಗಾತ್ರದ ಸಿಲಿಕಾ ಕಣಗಳಿರುತ್ತವೆ, ಹರಿಯುವ ದ್ರವ, ಹಿಡಿದು ನಿಲ್ಲಿಸುವ ಪುಡಿ ಎಂಬ ಮೂಲ ಉಪಾಯ ಮಾತ್ರ 1903ರಲ್ಲಿ ವಾರ್ಸಾದಲ್ಲಿ ಸ್ವೆತ್ ವಿವರಿಸಿದ್ದೇ.